ಮೂರನೇ ಕೈ

ನವೆಂಬರ್ ೧೮

ಅಕ್ಕಾ,

ಈ ಕಾಗದವನ್ನು ನಿಂತುಕೊಂಡು ಓದಬೇಡ, ಕೂತುಕೋ. ನಾನು ಮತ್ತೆ ಬಸುರಿ. ಮೂರು ತಿಂಗಳು ತುಂಬಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಸಿಡುಕಬೇಡ. ಬಾಯಿಬಿಟ್ಟರೆ ಎಲ್ಲಿ ಕೈತಪ್ಪಿ ಹೋಗುತ್ತದೋ ಎಂಬ ಹೆದರಿಕೆ. ಮೊದಲನೆಯದು ಐದನೇ ತಿಂಗಳಿಗೆ ಹೋಯಿತು, ಎರಡನೆಯದು ಏಳಕ್ಕೆ. ಎರಡು ಸಲವೂ ನಿನಗೆ ಕಾಗದ ಹಾಕಿದ ಮೇಲೆಯೇ ಹೋದದ್ದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನನಗೂ ಗೊತ್ತು. ಗೊತ್ತಿದ್ದರೂ ಅಂಚೆಪೆಟ್ಟಿಗೆಯ ಮುಂದೆ ನಿಂತಾಗ ಕೈ ಮುಂದೆ ಹೋಗುವುದಿಲ್ಲ.

ಇದಕ್ಕೆ ಸಾಸಿವೆ ಎಂದು ಹೆಸರಿಟ್ಟಿದ್ದೇನೆ. ಸಾಸಿವೆ ಕಾಳಿನಷ್ಟು ನಂಬಿಕೆ ಇದ್ದರೆ ಸಾಕು ಎಂದು ಯೇಸುಸ್ವಾಮಿ ಹೇಳಿದ್ದಾರಲ್ಲ, ನನ್ನಲ್ಲಿ ಉಳಿದಿರುವುದೂ ಅಷ್ಟೇ. ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆಯ ಮೇಲೆ ಕೈಯಿಟ್ಟು "ಇದೀಯೇನೇ ಸಾಸಿವೆ?" ಎಂದು ಕೇಳುತ್ತೇನೆ. ಇವರು ನಗುತ್ತಾರೆ. ದಿನವಿಡೀ ಲಿಫ್ಟ್ ರಿಪೇರಿ ಮಾಡುವ ಮನುಷ್ಯ, ತಂತಿ ಎಳೆದು ನೋಡದೆ ಯಾವುದನ್ನೂ ನಂಬುವುದಿಲ್ಲ. ಆದರೆ ಮೊನ್ನೆ ಊಟಕ್ಕೆ ಕೂತಾಗ ಒಮ್ಮೆಲೇ ಅಂದರು, "ಈ ಸಲ ಕೆಲಸಕ್ಕೆ ಹೋಗ್ಬೇಡ ಕಣೇ. ಮನೇಲಿರು. ಯಾಕೋ ನಂಗೆ ಸರಿ ಅನಿಸ್ತಿಲ್ಲ."

ನನಗೂ ಬಿಡಬೇಕೆಂದೇ ಇತ್ತು. ಅಷ್ಟರಲ್ಲಿ ನಮ್ಮ ಗಾಜಿನ ಕಾರ್ಖಾನೆಗೆ ದೊಡ್ಡ ಚರ್ಚಿನ ಕಿಟಕಿ ಬಂತು. ದೇವಮಾತೆ ಮಗುವನ್ನು ಎತ್ತಿಕೊಂಡಿರುವ ಬಣ್ಣದ ಗಾಜು. ನಾನೂರಕ್ಕೂ ಹೆಚ್ಚು ಚೂರು. ಎಲ್ಲವನ್ನೂ ಬಿಚ್ಚಿ, ಚೂರುಗಳನ್ನು ಹಿಡಿದಿರುವ ಹಳೆಯ ಸೀಸದ ಪಟ್ಟಿ ಕೆರೆದು ತೆಗೆದು, ಹೊಸ ಪಟ್ಟಿ ಕೂರಿಸಿ ಬೆಸೆಯಬೇಕು. ಮೇಸ್ತ್ರಿ ನನ್ನ ಬೆಂಚಿನ ಹತ್ತಿರ ಬಂದು, "ತಾಯಿ ಮುಖಕ್ಕೆ ನಿನ್ ಕೈಯೇ ಆಗ್ಬೇಕು. ನಿಮ್ಮಪ್ಪನ ಕೈ ನಿಂಗೆ ಬಂದಿದೆ" ಅಂದರು.

ಬಿಡಲೋ, ಇರಲೋ? ನೀನು ಹೇಳಿದ್ದೇ ಸೈ. ನೀನು ಕಾನ್ವೆಂಟಿಗೆ ಸೇರಿದಾಗ ನನಗೆ ಏಳು ವರ್ಷ. ಅಂದಿನಿಂದ ಯಾವುದನ್ನು ನಿನ್ನ ಕೇಳದೆ ಮಾಡಿದ್ದೇನೆ ಹೇಳು.

ನಿನ್ನ ಮಾತಿನಮಲ್ಲಿ


ಡಿಸೆಂಬರ್ ೨

ಮಾತಿನಮಲ್ಲೀ,

ಕೂತುಕೊಂಡೇ ಓದಿದೆ. ಆಮೇಲೆ ಪ್ರಾರ್ಥನಾಲಯಕ್ಕೆ ಹೋಗಿ ಬಹಳ ಹೊತ್ತು ಮಂಡಿಯೂರಿ ಕೂತೆ. ಏಳುವಾಗ ಮಂಡಿ ಹಿಡಿದುಕೊಂಡಿತ್ತು. ನಿನ್ನ ಅಕ್ಕನಿಗೆ ವಯಸ್ಸಾಗುತ್ತಿದೆ.

ಕೆಲಸ ಬಿಡಬೇಡ. ಯೋಚನೆ ಮಾಡಿಯೇ ಹೇಳುತ್ತಿದ್ದೇನೆ. ಹಿಂದಿನ ಎರಡು ಸಲ ನೀನು ಮಾಡುತ್ತಿದ್ದದ್ದು ಹೋಟೆಲಿನ ಬಾಗಿಲ ಗಾಜು, ಯಾರದೋ ಬಂಗಲೆಯ ಗಾಜು. ಈ ಸಲ ತಾಯಿಯೇ ನಿನ್ನ ಬೆಂಚಿಗೆ ಬಂದಿದ್ದಾಳೆ, ಅದೂ ಮಗುವನ್ನು ಎತ್ತಿಕೊಂಡು. ಇದು ಸುಮ್ಮನೆ ಆದದ್ದು ಎಂದುಕೊಂಡೆಯಾ? ಹರಕೆ ಹೊತ್ತುಕೋ. ಹೆರಿಗೆಗೆ ಮುಂಚೆ ಆ ಕಿಟಕಿಯನ್ನು ನಿನ್ನ ಕೈಯಿಂದಲೇ ಮುಗಿಸು. ಅವಳ ಮಗುವನ್ನು ನೀನು ಜೋಡಿಸು, ನಿನ್ನ ಮಗುವನ್ನು ಅವಳು ಕಾಯುತ್ತಾಳೆ.

ಹರಕೆಯ ಬಲ ನನಗೆ ಗೊತ್ತಿದೆ. ನಮ್ಮ ಮನೆಯಲ್ಲೇ ಹಿಂದೆ ಒಂದು ಮಗು ಹರಕೆಯಿಂದ ಉಳಿದದ್ದುಂಟು. ಯಾವ ಮಗು, ಏನು ಹರಕೆ ಎಂದು ಕೇಳಬೇಡ. ಅಮ್ಮ ತೀರಿಕೊಳ್ಳುವವರೆಗೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ.

ನಿನ್ನ ಗಂಡನಿಗೆ ಹೇಳು, ಅಕ್ಕ ಒಪ್ಪಿಸಿದಳು ಎಂದು. ಬೈಗುಳ ನನಗೇ ಬರಲಿ.

ಅಕ್ಕ


ಜನವರಿ ೭

ಅಕ್ಕಾ,

ಬೈಗುಳ ಬಂತು. ಎರಡು ದಿನ ಇವರು ನನ್ನ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ಕಾರ್ಖಾನೆಯ ನನ್ನ ಬೆಂಚಿಗೆ ಹಾಕಲು ಒಂದು ಮೆತ್ತೆ ತಂದುಕೊಟ್ಟರು. ಅಷ್ಟೇ ರಾಜಿ.

ಸಾಸಿವೆ ಕದಲಿದಳು! ಅವಳೋ ಅವನೋ, ನನಗಂತೂ ಅವಳೇ. ಹಳೆಯ ಪಟ್ಟಿ ಕೆರೆಯುತ್ತಿದ್ದೆ. ಒಳಗಿನಿಂದ ಯಾರೋ ಬೆರಳ ತುದಿಯಲ್ಲಿ ಬಾಗಿಲು ತಟ್ಟಿದ ಹಾಗಾಯಿತು. ಉಳಿ ಕೆಳಗಿಟ್ಟು ಎಲ್ಲರ ಮುಂದೆ ಅತ್ತುಬಿಟ್ಟೆ. ಪಾಲಿಶ್ ಮಾಡುವಾಕೆ ಓಡಿಬಂದು, "ಏನಾಯ್ತೇ, ಕೈ ಕುಯ್ದ್ಕೊಂಡ್ಯಾ?" ಅಂದಳು. ಬೆಲೆಬಾಳುವ ಒಂದು ಕೆಂಪು ಚೂರು ಒಡೆದೇಹೋಯಿತೇನೋ ಎಂದು ಮೇಸ್ತ್ರಿ ಓಡಿಬಂದರು. ಇಬ್ಬರಿಗೂ ಏನು ಹೇಳಲಿ?

ಈಗ ಅವಳ ಜೊತೆ ದಿನವೆಲ್ಲ ಮಾತು. ಇದು ತಾಯಿಯ ಮೇಲುಹೊದಿಕೆಯ ನೀಲಿ ಕಣೇ, ಇದು ಆ ಪುಟ್ಟ ಸ್ವಾಮಿಯ ಹಿಮ್ಮಡಿ, ನಿನ್ನದೂ ಇಷ್ಟೇ ಇರಬೇಕು ಎನ್ನುತ್ತೇನೆ. ಮಾತು ನಿಲ್ಲುವುದು ಪಟ್ಟಿ ಕೂರಿಸುವಾಗ ಮಾತ್ರ. ಎರಡು ಕೈಯಲ್ಲಿ ಎರಡು ಗಾಜು ಹಿಡಿದಾಗ ಸೀಸದ ಪಟ್ಟಿಯನ್ನು ಹಲ್ಲಿನಲ್ಲೇ ಕಚ್ಚಿ ಎಳೆದು ನೆಟ್ಟಗೆ ಮಾಡಬೇಕಲ್ಲ. ಅಪ್ಪ ಕಲಿಸಿದ್ದು ನೆನಪಿದೆಯಾ? "ಗಾಜಿನ ಕೆಲ್ಸದೋರಿಗೆ ದೇವ್ರು ಮೂರನೇ ಕೈ ಕೊಟ್ಟಿದಾನೆ, ಮೂಗಿನ್ ಕೆಳಗೆ!" ಕಾರ್ಖಾನೆಯಲ್ಲಿ ಈಗಲೂ ಬಾಯಿಗೆ ಮೂರನೇ ಕೈ ಎಂದೇ ಹೆಸರು. ಇಕ್ಕುಳದಲ್ಲಿ ಹಿಡಿಯುವವರನ್ನು ನೋಡಿ ಎಲ್ಲರೂ ನಗುತ್ತಾರೆ.

ಹಳೆಯ ಪಟ್ಟಿ ಕೆರೆದರೆ ಬಿಳಿ ಪುಡಿ ಏಳುತ್ತದೆ. ತಲೆಗೂದಲೆಲ್ಲ ಬಿಳಿ. ಇವರು "ಮುದುಕಿ ಬಂದ್ಳು" ಎಂದು ಬಾಗಿಲು ತೆಗೆಯುತ್ತಾರೆ. ಬಾಯಿಯಲ್ಲಿ ಯಾವಾಗಲೂ ಒಂದು ಥರದ ಸಿಹಿ. ಹೊಟ್ಟೆ ಕಟ್ಟಿಕೊಂಡಿದೆ, ತಲೆನೋವು, ಸುಸ್ತು. ಬಸುರಿಗೆ ಇವೆಲ್ಲ ಇದ್ದದ್ದೇ ತಾನೇ? ನೀನು ಹೆತ್ತವಳಲ್ಲ, ಆದರೂ ನಿನ್ನನ್ನೇ ಕೇಳುತ್ತಿದ್ದೇನೆ ನೋಡು!

ನಿನ್ನ ಮಾತಿನಮಲ್ಲಿ


ಜನವರಿ ೨೬

ತಂಗೀ,

ಸಾಸಿವೆ ಕದಲಿದ ಸುದ್ದಿಯನ್ನು ಊಟದ ಮನೆಯಲ್ಲಿ ಎಲ್ಲರಿಗೂ ಹೇಳಿದೆ. ಇಲ್ಲಿಯ ಹದಿನಾಲ್ಕು ಜನ ಸಿಸ್ಟರ್‌ಗಳೂ ಈಗ ನಿನ್ನ ಮಗುವಿಗೆ ದೊಡ್ಡಮ್ಮಂದಿರು. ಬಾಯಿ ಸಿಹಿಯಾಗುವುದು ಒಳ್ಳೆಯ ಸೂಚನೆ ಎಂದು ಅಡುಗೆ ನೋಡಿಕೊಳ್ಳುವ ಸಿಸ್ಟರ್ ಹೇಳಿದರು. ನನಗೂ ಹಾಗೇ ಅನ್ನಿಸುತ್ತದೆ. ತಾಯಿ ನಿನ್ನ ಕೆಲಸವನ್ನು ಮೆಚ್ಚಿದ್ದಾಳೆ. ತಲೆನೋವು, ಸುಸ್ತು ಇವನ್ನೂ ಅವಳಿಗೇ ಒಪ್ಪಿಸು.

ಹೊಸ ವರ್ಷದಿಂದ ನನ್ನನ್ನು ಕಾಯಿಲೆಯವರ ಕೋಣೆಗೆ ಹಾಕಿದ್ದಾರೆ. ವಯಸ್ಸಾದ ಸಿಸ್ಟರ್‌ಗಳಿಗೆ ಸ್ನಾನ ಮಾಡಿಸುವುದು, ಗಂಜಿ ಕುಡಿಸುವುದು. ಒಬ್ಬರಂತೂ ನನ್ನನ್ನು ತಮ್ಮ ಅಮ್ಮ ಎಂದುಕೊಂಡಿದ್ದಾರೆ, ಚಮಚ ಕಂಡರೆ ಬಾಯಿ ಮುಚ್ಚಿಕೊಳ್ಳುತ್ತಾರೆ.

ಒಂದು ವಿಷಯ. ಫೆಬ್ರವರಿ ಹದಿನಾಲ್ಕರಿಂದ ತಪಸ್ಸುಕಾಲ. ಈಸ್ಟರ್ ಹಬ್ಬದವರೆಗೆ ನಾವು ಕಾಗದ ಬರೆಯುವುದಿಲ್ಲ, ಬಂದದ್ದನ್ನು ಓದುವುದೂ ಇಲ್ಲ. ಎಲ್ಲವೂ ಮದರ್ ಸುಪೀರಿಯರ್ ಅವರ ಮೇಜಿನ ಖಾನೆಯಲ್ಲಿ ಇರುತ್ತದೆ. ಬಹಳ ಅಗತ್ಯವಿದ್ದರೆ ಮಾತ್ರ ಲಕೋಟೆಯ ಮೇಲೆ ತುರ್ತು ಎಂದು ಬರೆ. ಅಗತ್ಯವಿದ್ದರೆ ಮಾತ್ರ! ನಿನ್ನನ್ನು ಬಲ್ಲೆ. ಹೋದ ವರ್ಷ ತುರ್ತು ಎಂದು ಬರೆದು ಕಳಿಸಿದ ಕಾಗದದಲ್ಲಿ ಪಕ್ಕದ ಮನೆಯ ಬೆಕ್ಕು ನಾಲ್ಕು ಮರಿ ಹಾಕಿದ ಸುದ್ದಿ ಇತ್ತು. ಮದರ್ ಇನ್ನೂ ಅದನ್ನು ಹೇಳಿಕೊಂಡು ನಗುತ್ತಾರೆ.

ಈ ಸಲದ ನನ್ನ ಮೌನವೆಲ್ಲ ಸಾಸಿವೆಗಾಗಿ.

ಅಕ್ಕ


ಫೆಬ್ರವರಿ ೨೧

ಅಕ್ಕಾ,

ಲಕೋಟೆಯ ಮೇಲೆ ತುರ್ತು ಎಂದು ಬರೆದಿದ್ದೇನೆ. ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಇದು ಬೆಕ್ಕಿನ ಸುದ್ದಿಯಲ್ಲ.

ಸೋಮವಾರ ತಾಯಿಯ ಕೊರಳ ಭಾಗದ ಚೂರನ್ನು ಎತ್ತುವಾಗ ಬಲಗೈ ಮಣಿಕಟ್ಟಿನಿಂದ ಕೆಳಕ್ಕೆ ಸುಮ್ಮನೆ ಜೋತುಬಿತ್ತು. ಚೂರು ಮೆತ್ತೆಯ ಮೇಲೆ ಬಿದ್ದುದರಿಂದ ಉಳಿಯಿತು. ಕಾಲು ಗಂಟೆಯ ಮೇಲೆ ಕೈಗೆ ಬಲ ಬಂತು. ಹಲ್ಲುಜ್ಜುವಾಗ ನೋಡಿಕೊಂಡೆ, ಒಸಡಿನ ಅಂಚಿನಲ್ಲಿ ಉದ್ದಕ್ಕೂ ತೆಳ್ಳನೆಯ ನೀಲಿ ಗೆರೆ ಇದೆ. ಉಜ್ಜಿದರೆ ಹೋಗುವುದಿಲ್ಲ. ಹೊಟ್ಟೆಯಲ್ಲಿ ಹಿಂಡಿದಂಥ ನೋವು. ಇಲ್ಲಿಯ ನರ್ಸಮ್ಮನಿಗೆ ತೋರಿಸಿದೆ. "ರಕ್ತ ಕಮ್ಮಿ ಇದೆ, ಚೆನ್ನಾಗಿ ತಿನ್ನು" ಎಂದು ಮಾತ್ರೆ ಕೊಟ್ಟಳು.

ಇದೆಲ್ಲ ಇರಲಿ. ಸಾಸಿವೆ ಮೊದಲಿನ ಹಾಗೆ ಆಡುತ್ತಿಲ್ಲ. ಬೆಳಿಗ್ಗೆ ಕೇಳಿದರೆ ಮಧ್ಯಾಹ್ನ ಉತ್ತರ ಕೊಡುತ್ತಾಳೆ. ಅದೂ ಒಂದು ಸಲ. ಹಿಂದಿನದು ಹೋಗುವ ಮುಂಚೆಯೂ ಹೀಗೇ ಇತ್ತು. ನನಗೆ ಬಹಳ ಹೆದರಿಕೆಯಾಗಿದೆ ಅಕ್ಕಾ.

ನಾನು ಕೆಲಸಕ್ಕೆ ಹೋಗದ ಹಾಗೆ ಇವರು ನನ್ನ ಉಳಿ, ಸಾಮಾನಿನ ಕೈಚೀಲವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಬಿಟ್ಟಿದ್ದರು. "ನಿಮ್ಮಕ್ಕ ಅಲ್ಲಿ ಕೂತು ಹೇಳ್ತಾಳೆ, ಇಲ್ಲಿ ಸಾಯ್ತಿರೋದು ನೀನು" ಅಂದರು. ನಾನು ಅತ್ತು, ಕೂಗಾಡಿ ಬೀಗ ತೆಗೆಸಿದೆ. ಹರಕೆಯನ್ನು ಅರ್ಧಕ್ಕೆ ಬಿಟ್ಟು ಮಗು ಹೋದರೆ ಯಾರನ್ನು ಬೈಯಲಿ? ಹರಕೆ ಹಿಡಿದುಕೊಂಡೇ ಮಗು ಹೋದರೆ ಯಾರನ್ನು ಬೈಯಲಿ?

ಒಂದೇ ಒಂದು ಮಾತು ಬರೆದು ಕಳಿಸು. ನಿಲ್ಲಿಸು ಎಂದರೆ ಅವತ್ತೇ ನಿಲ್ಲಿಸುತ್ತೇನೆ. ಹತ್ತು ದಿನ ಮನೆಯಲ್ಲೇ ಕಾಯುತ್ತೇನೆ. ನಿನ್ನಿಂದ ಏನೂ ಬಾರದಿದ್ದರೆ ನೀನು ಓದಿ, ಹೆದರುವಂಥದ್ದು ಏನೂ ಇಲ್ಲವೆಂದು ಸುಮ್ಮನಿದ್ದೀ ಎಂದು ತಿಳಿದುಕೊಳ್ಳುತ್ತೇನೆ.

ತಂಗಿ


ಮಾರ್ಚ್ ೧೧

ಅಕ್ಕಾ,

ನಿನ್ನ ಉತ್ತರ ಅರ್ಥವಾಯಿತು. ಹತ್ತು ದಿನ ಬಿಟ್ಟು ಹನ್ನೆರಡು ದಿನ ಕಾದೆ. ಅಂಚೆಯವನು ನನ್ನನ್ನು ದೂರದಿಂದ ಕಂಡೇ ತಲೆಯಾಡಿಸುವುದನ್ನು ಕಲಿತ. ಆಮೇಲೆ ಮನಸ್ಸು ಹಗುರವಾಯಿತು. ತುರ್ತು ಎಂದು ಬರೆದ ಮೇಲೂ ನೀನು ಬಾಯಿ ಬಿಡಲಿಲ್ಲವೆಂದರೆ ಅಷ್ಟು ಗಟ್ಟಿ ನಂಬಿಕೆ ನಿನಗಿದೆ. ಅದನ್ನು ನಾನು ಕೆಡಿಸುವುದಿಲ್ಲ.

ಒಂದು ತಮಾಷೆ. ಮನೆಯಲ್ಲಿದ್ದ ಆ ಹನ್ನೆರಡು ದಿನ ಸಾಸಿವೆ ಚೆನ್ನಾಗಿ ಆಡಿದಳು. ಬಾಯಿಯ ಸಿಹಿಯೂ ಕಡಿಮೆಯಾಗಿತ್ತು. ಇವರು, "ನೋಡು, ನೋಡು" ಅಂದರು. ನಾನು, ತಾಯಿ ನನ್ನನ್ನು ಕೆಲಸಕ್ಕೆ ಅಣಿ ಮಾಡುತ್ತಿದ್ದಾಳೆ ಅಂದೆ.

ಈಗ ಭಾನುವಾರವೂ ಹೋಗುತ್ತಿದ್ದೇನೆ. ಪೂಜೆ ಮುಗಿಸಿ ನೇರ ಕಾರ್ಖಾನೆಗೆ. ಬಲಗೈ ನೆಚ್ಚುವ ಹಾಗಿಲ್ಲ, ಅದಕ್ಕೇ ಮೂರನೇ ಕೈಗೆ ದುಪ್ಪಟ್ಟು ಕೆಲಸ. ಉಳಿದಿರುವುದು ಮುಖ ಮತ್ತು ಮಗುವಿನ ಎರಡು ಕಣ್ಣು. ಸಾಸಿವೆ ಸುಮ್ಮನಿದ್ದಾಳೆ. ನಿನ್ನ ಹಾಗೆ ಅವಳೂ ಮೌನ ಹಿಡಿದಿದ್ದಾಳೆ ಎಂದುಕೊಂಡಿದ್ದೇನೆ.

ತಂಗಿ


ಮಾರ್ಚ್ ೧೮, ತಂತಿ

ಕೆಲಸ ನಿಲ್ಲಿಸು. ಈ ಕ್ಷಣ. ಬಾಯಿಗೆ ಸೀಸ ಮುಟ್ಟಿಸಬೇಡ. ಆಸ್ಪತ್ರೆಗೆ ಹೋಗು. ಕಾಗದ ಬರುತ್ತಿದೆ. ಅಕ್ಕ.


ಮಾರ್ಚ್ ೧೮

ತಂಗೀ,

ತಂತಿ ತಲುಪಿರುತ್ತದೆ. ಈ ಕಾಗದವನ್ನು ನಿನ್ನ ಗಂಡನಿಗೂ ಓದಿ ಹೇಳು. ಅವನು ಹೇಳಿದ್ದೇ ಸರಿ.

ಇವತ್ತು ಬೆಳಿಗ್ಗೆ ಡಾಕ್ಟರು ಬಂದಿದ್ದರು. ಚಮಚ ಕಂಡರೆ ಬಾಯಿ ಮುಚ್ಚಿಕೊಳ್ಳುವ ಆ ಸಿಸ್ಟರ್ ನಲವತ್ತು ವರ್ಷ ಪ್ರತಿಮೆಗಳಿಗೆ ಬಣ್ಣ ಬಳಿದವರು. ಕುಂಚದ ತುದಿಯನ್ನು ತುಟಿಯಲ್ಲಿಟ್ಟು ಚೂಪು ಮಾಡುತ್ತಿದ್ದರಂತೆ. ಡಾಕ್ಟರು ಅವರ ತುಟಿ ಎತ್ತಿ, "ನೋಡಿ ಸಿಸ್ಟರ್, ಒಸಡಲ್ಲಿ ಈ ನೀಲಿ ಗೆರೆ. ಇದು ಸೀಸ. ಹಳೇ ಬಿಳಿ ಬಣ್ಣದಲ್ಲಿ ಇರ್ತಿತ್ತು, ಬಾಯಿಂದ ಒಳಗೆ ಹೋಗಿದೆ" ಅಂದರು. ನಾನು ಗಂಜಿಯ ಬಟ್ಟಲು ಹಿಡಿದು ನಿಂತಿದ್ದೆ. ಆ ಗೆರೆಯನ್ನು ನಾನು ಮೊದಲೇ ನೋಡಿದ್ದೆ, ತಂಗೀ. ಅಪ್ಪನ ಬಾಯಲ್ಲಿ. ಗಾಜಿನವರಿಗೆಲ್ಲ ಅದು ಇರುತ್ತದೆ ಎಂದೇ ನಾವು ತಿಳಿದಿದ್ದೆವು.

"ಬಾಯಿ ಸಿಹಿಯಾಗುತ್ತಾ ಡಾಕ್ಟ್ರೇ?" ಎಂದು ಕೇಳಿದೆ. "ಸೀಸದ ಬಿಳಿ ಪುಡಿ ಸಿಹೀನೇ" ಅಂದರು. "ಬಸುರಿ ಆಗಿದ್ರೆ?" ಅವರು ನನ್ನ ಮುಖ ನೋಡಿದರು. "ತಾಯಿಗೆ ಹೋದದ್ದು ಮಗುಗೂ ಹೋಗುತ್ತೆ. ಎಷ್ಟೋ ಮಕ್ಕಳು ಉಳಿಯೋದೇ ಇಲ್ಲ. ಯಾಕೆ?"

ಮದರ್ ಹತ್ತಿರ ಓಡಿದೆ. ಒಂದು ಮಾತೂ ಕೇಳದೆ ಖಾನೆ ತೆಗೆದು ನಿನ್ನ ಎರಡು ಕಾಗದ ಕೊಟ್ಟರು. ಈಗ ನಿನಗೆ ಹೇಳಲೇಬೇಕಾದದ್ದು ಇದು. ನಿನ್ನ ತುರ್ತಿನ ಲಕೋಟೆ ಬಂದ ದಿನವೇ ಮದರ್ ನನ್ನನ್ನು ಕರೆದು ಅದನ್ನು ತೋರಿಸಿದ್ದರು. "ತುರ್ತು ಅಂತಿದೆ. ಬೇಕಾ?" ಅಂದಿದ್ದರು. "ಬೇಡ ಮದರ್, ನನ್ನ ತಂಗಿಗೆ ಎಲ್ಲಾನೂ ತುರ್ತೇ" ಎಂದು ನಾನು ನಕ್ಕೆ. ಅದನ್ನು ಒಡೆಯದೆ ಬಿಟ್ಟದ್ದನ್ನು ನನ್ನ ದೊಡ್ಡ ತ್ಯಾಗವೆಂದು ಸಾಸಿವೆಯ ಹೆಸರಿನಲ್ಲಿ ದೇವರಿಗೆ ಒಪ್ಪಿಸಿದೆ. ಇಪ್ಪತ್ತು ದಿನಕ್ಕೂ ಹೆಚ್ಚು ಅದರ ಮೇಲೆ ಹೆಮ್ಮೆಪಟ್ಟೆ.

ಹರಕೆ ಮುರಿಯಲು ನೀನು ಹೆದರುತ್ತೀ. ಅದಕ್ಕೆ ಮುಚ್ಚಿಟ್ಟದ್ದನ್ನೂ ಹೇಳುತ್ತೇನೆ. ನನಗೂ ನಿನಗೂ ನಡುವೆ ಹನ್ನೊಂದು ವರ್ಷ. ಆ ನಡುವೆ ಅಮ್ಮನಿಗೆ ನಾಲ್ಕು ಹೋದವು. ಅಮ್ಮನೂ ಅದೇ ಕಾರ್ಖಾನೆಯಲ್ಲಿ ಪಟ್ಟಿ ಕೆರೆಯುತ್ತಿದ್ದಳು. ಐದನೆಯದಕ್ಕೆ ಹರಕೆ ಹೊತ್ತಳು, ಇದು ಉಳಿದರೆ ದೊಡ್ಡವಳನ್ನು ದೇವರಿಗೆ ಕೊಡುತ್ತೇನೆ ಎಂದು. ನನಗೆ ಆಗ ಹತ್ತು ವರ್ಷ. ನೀನು ಉಳಿದೆ. ನಾನು ಇಲ್ಲಿಗೆ ಬಂದೆ. ನಿನ್ನನ್ನು ಉಳಿಸಿದ್ದು ನಾನೇ ಎಂಬ ಒಂದೇ ನೆಚ್ಚಿನ ಮೇಲೆ ಇಷ್ಟು ವರ್ಷ ಇಲ್ಲಿ ಕಳೆದಿದ್ದೇನೆ.

ಇವತ್ತು ಲೆಕ್ಕ ಹಾಕಿದೆ. ನೀನು ಅಮ್ಮನ ಹೊಟ್ಟೆಯಲ್ಲಿದ್ದ ವರ್ಷ ಕಾರ್ಖಾನೆಯ ಛಾವಣಿ ಕುಸಿದು, ಒಂದೂವರೆ ವರ್ಷ ಮುಚ್ಚಿತ್ತು. ಅಮ್ಮ ಮನೆಯಲ್ಲಿ ಕೂತು ಹೊಲಿಗೆ ಹಾಕುತ್ತಿದ್ದಳು. ನಿನ್ನನ್ನು ಉಳಿಸಿದ್ದು ಹರಕೆಯಲ್ಲ, ನಾನಲ್ಲ. ಮುಚ್ಚಿದ್ದ ಬಾಗಿಲು. ನೀನು ಮನೆಯಲ್ಲಿದ್ದ ಹನ್ನೆರಡು ದಿನ ಸಾಸಿವೆ ಆಡಿದ್ದೂ ಅದಕ್ಕೇ.

ಹೊರಗೆ ಬಾ. ಆ ಕಿಟಕಿ ಹಾಗೇ ಬಿದ್ದಿರಲಿ.

ಅಕ್ಕ


ಮಾರ್ಚ್ ೨೩

ತಂತಿ ಹದಿನೆಂಟರ ಸಂಜೆ ತಲುಪಿತು. ಕಿಟಕಿ ಹದಿನೇಳರಂದು ಮುಗಿದಿತ್ತು. ನಾನು ಆಸ್ಪತ್ರೆಯಲ್ಲಿದ್ದೇನೆ. ಸಾಸಿವೆ ಇದ್ದಾಳೆ. ನೀನು ಸದ್ಯಕ್ಕೆ ಬರೆಯಬೇಡ.


ಜೂನ್ ೯

ಅಕ್ಕಾ,

ಬರೆಯಬೇಡ ಎಂದರೂ ನಿನ್ನ ಆರು ಕಾಗದ ಬಂದವು. ಒಂದನ್ನೂ ಒಡೆಯದೆ ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದೆ. ನೀನು ಮಾಡಿದ್ದನ್ನೇ ನಿನಗೆ ಮಾಡಬೇಕು ಎಂಬ ಹಟ. ಅದರಿಂದ ಸಮಾಧಾನವೇನೂ ಸಿಗಲಿಲ್ಲ. ಇವತ್ತು ಆರನ್ನೂ ಒಟ್ಟಿಗೆ ಓದಿದೆ.

ಏಪ್ರಿಲ್ ಇಪ್ಪತ್ತೊಂಬತ್ತಕ್ಕೆ ಹುಟ್ಟಿದಳು, ಮೂರು ವಾರ ಮುಂಚೆ. ನಾನು ಹೇಳಿದ ಹಾಗೆ ಅವಳೇ. ತೂಕ ಕಡಿಮೆ, ಆದರೆ ಉಸಿರಾಡುತ್ತಾಳೆ, ಹಾಲು ಕುಡಿಯುತ್ತಾಳೆ, ಸಣ್ಣ ದನಿಯಲ್ಲಿ ಅಳುತ್ತಾಳೆ. ಹಿಮ್ಮಡಿ ಆ ಗಾಜಿನ ಚೂರಿನಷ್ಟೇ ಇದೆ. ನನ್ನ ರಕ್ತದಲ್ಲೂ ಅವಳ ರಕ್ತದಲ್ಲೂ ಸೀಸ ಸಿಕ್ಕಿತು. ಡಾಕ್ಟರಮ್ಮ, "ಏನು ಹಾಳಾಗಿದೆ ಅಂತ ಈಗ್ಲೇ ಹೇಳೋಕಾಗಲ್ಲಮ್ಮ. ಬೆಳೀತಾ ಬೆಳೀತಾ ಗೊತ್ತಾಗುತ್ತೆ" ಅಂದರು. ಅಂದಿನಿಂದ ನಾನು ಅವಳನ್ನು ಮುದ್ದು ಮಾಡುವುದಕ್ಕಿಂತ ಪರೀಕ್ಷೆ ಮಾಡುವುದೇ ಹೆಚ್ಚಾಗಿದೆ.

ಕಾರ್ಖಾನೆಗೆ ಹೋಗಿ ಎಲ್ಲರ ಮುಂದೆ ಹೇಳಿದೆ. ಮೇಸ್ತ್ರಿ ನಕ್ಕರು. "ನಿಮ್ಮಪ್ಪ ನಲವತ್ತು ವರ್ಷ ಕಚ್ಚಿದ, ಏನಾಯ್ತು?" ಅಂದರು. ನಾಲ್ಕು ಮಕ್ಕಳು ಹೋದವು ಅಂದೆ. ಅವರ ನಗು ನಿಂತಿತು. ಪಾಲಿಶ್ ಮಾಡುವಾಕೆ ಬಾಯಲ್ಲಿದ್ದ ಪಟ್ಟಿಯನ್ನು ಮೆಲ್ಲಗೆ ತೆಗೆದು ಬೆಂಚಿನ ಮೇಲಿಟ್ಟಳು. ಅವಳಿಗೂ ಎರಡು ತಿಂಗಳಂತೆ, ಯಾರಿಗೂ ಹೇಳಿರಲಿಲ್ಲ.

ಇವತ್ತು ಚರ್ಚಿನಲ್ಲಿ ಕಿಟಕಿಯ ಆಶೀರ್ವಾದವಿತ್ತು. ಮಗುವನ್ನು ಕರೆದುಕೊಂಡು ಹೋಗಿದ್ದೆವು. ಎಲ್ಲರೂ ತಲೆಯೆತ್ತಿ ನೋಡಿದ್ದೇ ನೋಡಿದ್ದು. ಚೆನ್ನಾಗಿದೆ ಅಕ್ಕಾ, ಸುಳ್ಳು ಹೇಳಲಾರೆ. ನಾನು ಮಾಡಿದ್ದರಲ್ಲೆಲ್ಲ ಅದೇ ಚೆನ್ನಾಗಿದೆ. ಬಿಸಿಲು ತಿರುಗಿ ತಾಯಿಯ ನೀಲಿ ಬಣ್ಣ ನಮ್ಮ ಬೆಂಚಿನ ಮೇಲೆ ಬಿತ್ತು. ಮಗುವಿನ ಮೇಲೆ ಅದು ಬೀಳದ ಹಾಗೆ ನಾನು ಈಚೆಗೆ ಸರಿದು ಕೂತೆ.

ಆಗ ನಮ್ಮ ತಲೆಯ ಮೇಲೇ ದೊಡ್ಡ ಗಂಟೆ ಹೊಡೆಯಿತು. ಮುಂದಿನ ಬೆಂಚಿನಲ್ಲಿದ್ದ ಯಾರದೋ ಕೂಸು ಬೆಚ್ಚಿ ಚಿಟ್ಟನೆ ಚೀರಿತು. ಇನ್ನೊಂದೂ ಶುರು ಮಾಡಿತು. ನಮ್ಮದು ಅಲ್ಲಾಡಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ, "ಎಂಥ ಒಳ್ಳೆ ಮಗು, ಏನ್ ನಿದ್ದೆ!" ಅಂದರು. ಇವರು ಹೆಮ್ಮೆಯಿಂದ ನಕ್ಕರು. ಹೌದು ಎಂದು ನಾನೂ ನಕ್ಕೆ.

ಅವಳು ನಿದ್ದೆ ಮಾಡುತ್ತಿರಲಿಲ್ಲ ಅಕ್ಕಾ. ಸೆರಗಿನೊಳಗೆ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಗಂಟೆ ಇಪ್ಪತ್ತು ಸಲ ಹೊಡೆಯಿತು, ಇಪ್ಪತ್ತು ಸಲವೂ ಅವಳ ರೆಪ್ಪೆ ಅಲುಗಲಿಲ್ಲ. ಇದನ್ನು ಇವರಿಗೆ ಇನ್ನೂ ಹೇಳಿಲ್ಲ.

ಕಾನ್ವೆಂಟು ಬಿಟ್ಟು ಬರಲೇ ಎಂದು ನಾಲ್ಕು ಕಾಗದದಲ್ಲಿ ಕೇಳಿದ್ದೀ. ಅದನ್ನು ನಾನು ಹೇಳಲಾರೆ. ಒಬ್ಬರ ಬಾಳಿನ ಪ್ರಶ್ನೆಗೆ ಇನ್ನೊಬ್ಬರು ಉತ್ತರ ಕೊಟ್ಟದ್ದು ಸಾಕು. ಬರುವುದಾದರೆ ಯಾವ ಹರಕೆಗೂ ಬರಬೇಡ. ನನ್ನ ಪಕ್ಕ ಕೂತು, ಒಂದು ತಟ್ಟೆಗೆ ಚಮಚದಿಂದ ಬಡಿ. ನಾನು ಅವಳ ಮುಖ ನೋಡುತ್ತಿರುತ್ತೇನೆ. ಒಬ್ಬಳೇ ಅದನ್ನು ಮಾಡುವ ಧೈರ್ಯ ನನಗಿಲ್ಲ.

ಲಕೋಟೆಯ ಮೇಲೆ ತುರ್ತು ಎಂದು ಬರೆದಿಲ್ಲ.

ತಂಗಿ